ಬ್ರೇಕು ನಿಲ್ಲಿಸುತ್ತಿದ್ದ ಕಾಲ

ಎಂಬತ್ತರ ದಶಕದ ಆದಿಭಾಗದಲ್ಲಿ ನಾನು ಲಿಫ್ಟಿನ ಕಸುಬಿಗೆ ಸೇರಿದಾಗ, ಬೆಂಗಳೂರಿನಲ್ಲಿ ಮಹಾತ್ಮ ಗಾಂಧಿ ರಸ್ತೆಯ ಪಬ್ಲಿಕ್ ಯುಟಿಲಿಟಿ ಕಟ್ಟಡದಂಥ ಕೆಲವೇ ಗಗನಚುಂಬಿಗಳನ್ನು ಬಿಟ್ಟರೆ, ಊರಿನ ಲಿಫ್ಟುಗಳಲ್ಲಿ ಬಹುಪಾಲು ನಾಲ್ಕೈದು ಅಂತಸ್ತುಗಳ ಕಚೇರಿ, ಹೋಟೆಲು, ನರ್ಸಿಂಗ್ ಹೋಮುಗಳಲ್ಲಿದ್ದು, ಕತ್ತರಿಬಾಗಿಲನ್ನು ಕೈಯಿಂದ ಎಳೆದು ಮುಚ್ಚಿ ಗುಂಡಿಯೊತ್ತಿದೊಡನೆ ಒಮ್ಮೆ ಕುಲುಕಿ ಹೊರಡುವ ಸ್ವಭಾವದವಾಗಿದ್ದುವು. ಹೊರಡುವ ಆ ಕ್ಷಣದಲ್ಲಿ ಮೋಟಾರು ತನ್ನ ವಾಡಿಕೆಯ ಕರೆಂಟಿನ ಐದಾರು ಪಟ್ಟನ್ನು ಎಳೆದುಕೊಳ್ಳುತ್ತಿದ್ದುದರಿಂದ, ವಿದ್ಯುತ್ತಿನ ಲೈನು ದುರ್ಬಲವಾಗಿದ್ದ ಕಟ್ಟಡಗಳಲ್ಲಿ ಲಿಫ್ಟು ಹೊರಟುದನ್ನು ಮೆಟ್ಟಿಲ ಮೇಲಿನ ಬಲ್ಬು ಮಂಕಾದುದನ್ನು ನೋಡಿಯೇ ತಿಳಿಯಬಹುದಾಗಿದ್ದಿತು.

ಮಷೀನ್ ರೂಮೆಂಬುದು ಛಾವಣಿಯ ಮೇಲೆ, ನೀರಿನ ಟ್ಯಾಂಕಿನ ಮಗ್ಗುಲಲ್ಲಿ, ಕಬ್ಬಿಣದ ಏಣಿಯನ್ನೇರಿ ತಲೆ ಬಾಗಿಸಿ ಹೊಗಬೇಕಾದ ಕೊಠಡಿ. ಗೇರ್ ಆಯಿಲಿನ ವಾಸನೆ, ಪಾರಿವಾಳಗಳ ಹಿಕ್ಕೆ, ಗೋಡೆಯ ಪಕ್ಕದ ಪ್ಯಾನೆಲ್ಲಿನಲ್ಲಿ ಠಕ್ ಠಕ್ಕೆಂದು ಬಡಿದುಕೊಳ್ಳುವ ಕಾಂಟ್ಯಾಕ್ಟರುಗಳು. ನಡುವೆ ವರ್ಮ್ ಗೇರಿನ ಪೆಟ್ಟಿಗೆ, ಬ್ರೇಕಿನ ಡ್ರಮ್ಮು, ಎರಡು ವೇಗಗಳ ಮೋಟಾರು, ಅದರ ತುದಿಯಲ್ಲಿ ಭಾರವಾದ ಫ್ಲೈವೀಲು. ನಮ್ಮಲ್ಲಿ ವಿದ್ಯುತ್ತಿನ ಆವರ್ತನ 50 ಹರ್ಟ್ಸ್ ಆದುದರಿಂದ, ನಾಲ್ಕು ಧ್ರುವಗಳ ಸುರುಳಿಯಲ್ಲಿ ಮೋಟಾರಿನ ಕಾಂತಕ್ಷೇತ್ರ ನಿಮಿಷಕ್ಕೆ 1500 ಸುತ್ತು ತಿರುಗಿದರೆ, ಹದಿನಾರು ಧ್ರುವಗಳ ಸುರುಳಿಯಲ್ಲಿ 375 ಸುತ್ತು ತಿರುಗುತ್ತಿದ್ದಿತು. ಇವೆರಡರ ನಡುವೆ ಮೂರನೆಯ ವೇಗವೆಂಬುದಿಲ್ಲ. ವೇಗದಿಂದ ಮಂದಗತಿಗೆ ಬೀಳುವಾಗಿನ ಹೊಡೆತವನ್ನು ಫ್ಲೈವೀಲು ತಕ್ಕಮಟ್ಟಿಗೆ ನುಂಗಿಕೊಳ್ಳುತ್ತಿದ್ದಿತು. ಮಂದಗತಿಯಿಂದ ಸ್ಥಿತಿಗೆ ತರುವ ಹೊಣೆ ಬ್ರೇಕಿನದು.

ಆ ಬ್ರೇಕಿನ ವರ್ತನೆಯನ್ನು ಬಲ್ಲವನೇ ಆಗ ಮೆಕ್ಯಾನಿಕ್ಕು. ಜನ ತುಂಬಿದ ಕ್ಯಾಬಿನ್ನು ಏರುತ್ತಿರಲಿ, ಇಳಿಯುತ್ತಿರಲಿ, ಅಂತಸ್ತಿನ ನೆಲಕ್ಕಿಂತ ತುಸು ಕೆಳಗೇ ನಿಲ್ಲುತ್ತಿದ್ದಿತು. ಬರಿದಾದದ್ದು ಎತ್ತ ಕಡೆಯಿಂದ ಬಂದರೂ ತುಸು ಮೇಲೆ. ಇದಕ್ಕೆ ಕಾರಣ ಸರಳವಾದುದೇ. ಹಗ್ಗದ ಮತ್ತೊಂದು ತುದಿಯ ಕೌಂಟರ್‌ವೇಟು ಕ್ಯಾಬಿನ್ನಿನ ತೂಕಕ್ಕೆ ಅದು ಹೊರಬೇಕಾದ ಭಾರದ ಶೇಕಡಾ 40ರಿಂದ 50ರಷ್ಟನ್ನು ಸೇರಿಸಿದ ತೂಕದ್ದಾದುದರಿಂದ, ತುಂಬಿದಾಗ ಕ್ಯಾಬಿನ್ನು ಗೆದ್ದು ಕೆಳಕ್ಕೆಳೆಯುವುದು, ಬರಿದಾದಾಗ ಕೌಂಟರ್‌ವೇಟು ಗೆದ್ದು ಮೇಲಕ್ಕೆಳೆಯುವುದು. ಬ್ರೇಕಿನ ಸ್ಪ್ರಿಂಗಿನ ನಟ್ಟನ್ನು ಕಾಲು ಸುತ್ತು ಬಿಗಿದರೆ ಒಳಗಿದ್ದವರ ಮೊಣಕಾಲು ಮಡಚುವಷ್ಟು ಹೊಡೆತ. ಕಾಲು ಸುತ್ತು ಸಡಿಲಿಸಿದರೆ ಹೊಸ್ತಿಲಲ್ಲಿ ಎಡವುವಷ್ಟು ತಾರತಮ್ಯ. ಎರಡಕ್ಕೂ ನಡುವೆ ಒಂದು ಒಪ್ಪಂದವನ್ನು ಹುಡುಕುವುದರಲ್ಲಿಯೇ ನಮ್ಮ ಹಿರಿಯರು ಪ್ರವೀಣರಾಗಿದ್ದರು. ನನಗೆ ಕೆಲಸ ಕಲಿಸಿದ ಹಿರಿಯರೊಬ್ಬರು ಮೀಟರನ್ನು ಕೈಗೆತ್ತಿಕೊಳ್ಳುವ ಮೊದಲು ಮಷೀನಿನ ಅಡಿಯ ಗರ್ಡರಿನ ಮೇಲೆ ಪಾದವನ್ನೂರಿ ನಾಲ್ಕು ಓಡಾಟಗಳನ್ನು ಸುಮ್ಮನೆ ಗಮನಿಸುತ್ತಿದ್ದರು. ಬ್ರೇಕಿನ ಯಾವ ಶೂ ಮೊದಲು ಡ್ರಮ್ಮನ್ನು ಮುಟ್ಟುತ್ತಿದೆಯೆಂಬುದನ್ನು ಅವರ ಅಂಗಾಲು ಹೇಳುತ್ತಿದ್ದಿತು.

ನಯವಾದ ಗತಿಯೆಂಬುದು ಆ ಕಾಲಕ್ಕೆ ಅಜ್ಞಾತವಾಗಿದ್ದಿತೆಂದಲ್ಲ. ಅಮೆರಿಕದ ವಾರ್ಡ್ ಲಿಯೊನಾರ್ಡ್ ಎಂಬಾತ 1891ರಷ್ಟು ಹಿಂದೆಯೇ ರೂಪಿಸಿದ ಕ್ರಮದಲ್ಲಿ, ಒಂದು ಮೋಟಾರು ಜನರೇಟರನ್ನು ತಿರುಗಿಸಿ, ಆ ಜನರೇಟರು ಡಿ.ಸಿ. ಮೋಟಾರಿಗೆ ಬೇಕಾದಷ್ಟೇ ವೋಲ್ಟೇಜನ್ನು ಒದಗಿಸುವುದರಿಂದ, ಎತ್ತರದ ಕಟ್ಟಡಗಳ ವೇಗದ ಲಿಫ್ಟುಗಳು ಹಂಸಗತಿಯಲ್ಲಿ ಚಲಿಸುತ್ತಿದ್ದುವು. ಆದರೆ ಒಂದು ಲಿಫ್ಟಿಗೆ ಮೂರು ಯಂತ್ರಗಳು, ಕಾರ್ಬನ್ ಬ್ರಷ್ಷುಗಳ ಧೂಳು, ಸಾಲದುದಕ್ಕೆ ಲಿಫ್ಟು ನಿಂತಿದ್ದರೂ ತಿರುಗುತ್ತಲೇ ಇರುವ ಜನರೇಟರು. ನಾಲ್ಕು ಅಂತಸ್ತಿನ ನರ್ಸಿಂಗ್ ಹೋಮಿಗೆ ಇದೆಲ್ಲ ನಿಲುಕದ ವೈಭವ. ಥೈರಿಸ್ಟರುಗಳಿಂದ ವೋಲ್ಟೇಜನ್ನಷ್ಟೇ ಏರಿಳಿಸುವ ಪದ್ಧತಿಯೊಂದು ನಡುವೆ ಬಂದಿತು, ಹೋಯಿತು. ಅದರ ವಿಷಯವಾಗಿ ನನಗೆ ಹೆಚ್ಚಿನ ಮಮತೆಯಿಲ್ಲ.

ಎಂಬತ್ತರ ದಶಕದಲ್ಲಿ ಜಪಾನಿನವರು ಲಿಫ್ಟುಗಳಿಗೆ ಅಳವಡಿಸಿದ ಇನ್ವರ್ಟರು ನಮ್ಮ ಸಾಮಾನ್ಯ ಕಟ್ಟಡಗಳನ್ನು ತಲಪಿದುದು, ನಾನು ಕಂಡಂತೆ, ತೊಂಬತ್ತರ ದಶಕದಲ್ಲಿ, ಊರಿನ ತುಂಬ ಅಪಾರ್ಟ್‌ಮೆಂಟುಗಳು ಏಳತೊಡಗಿದಾಗ. ವೋಲ್ಟೇಜಿನ ಜೊತೆಗೆ ಆವರ್ತನವನ್ನೂ ಬದಲಿಸಬಲ್ಲ ಈ ಡ್ರೈವಿನ ಮುಂದೆ 50 ಹರ್ಟ್ಸೆಂಬ ಹಣೆಬರಹವೇ ಅಳಿಸಿಹೋಯಿತು. ಅದೇ ಸಾದಾ ಮೋಟಾರು ಸೊನ್ನೆಯಿಂದ ಹೊರಟು ಯಾವ ವೇಗಕ್ಕಾದರೂ ಏರಿ, ಪುನಃ ಸೊನ್ನೆಗಿಳಿದು ನಿಂತ ಮೇಲೆಯೇ ಬ್ರೇಕು ಮುಚ್ಚಿಕೊಳ್ಳುವಂತಾಯಿತು. ಅಂದಿನಿಂದ ನಿತ್ಯದ ಓಡಾಟದಲ್ಲಿ ಬ್ರೇಕಿನ ಪಾಲಿಗೆ ಉಳಿದುದು, ನಿಂತದ್ದನ್ನು ಹಿಡಿದುಕೊಂಡಿರುವ ಕೆಲಸವೊಂದೇ.

ಹಳೆಯ ಮಷೀನಿಗೆ ಹೊಸ ಡ್ರೈವನ್ನು ಕೂಡಿಸುವ ಕೆಲಸದಲ್ಲಿ ನಾವು ಮೊದಲು ಬಿಚ್ಚಿ ಕೆಳಗಿಡುತ್ತಿದ್ದುದು ಫ್ಲೈವೀಲನ್ನು. ನಯಕ್ಕಾಗಿ ಇಟ್ಟ ಆ ಭಾರವೇ ಈಗ ಡ್ರೈವಿಗೆ ಅಡ್ಡಿಯಾಗುತ್ತಿದ್ದಿತು. ಮಂದಗತಿಯ ಸುರುಳಿಯ ತುದಿಗಳನ್ನು ಟೇಪು ಸುತ್ತಿ ಒಂಟಿಯಾಗಿ ಬಿಟ್ಟು, ಮೋಟಾರಿನ ಬಿಲ್ಲೆಯ ಮೇಲಿನ ಅಕ್ಷರಗಳನ್ನು ಸೀಮೆಎಣ್ಣೆಯ ಬಟ್ಟೆಯಿಂದ ಉಜ್ಜಿ ಓದಿ, ಕರೆಂಟು, ವೋಲ್ಟೇಜು, ಸುತ್ತುಗಳ ಸಂಖ್ಯೆಯನ್ನು ಡ್ರೈವಿನ ಕೀಪ್ಯಾಡಿನಲ್ಲಿ ಒಂದೊಂದಾಗಿ ತುಂಬಬೇಕು. ಮೋಟಾರನ್ನು ಡ್ರೈವು ತಾನೇ ಅಳೆದುಕೊಳ್ಳುವ ಆಟೋ ಟ್ಯೂನಿಂಗ್ ಸರಿಯಾಗಿ ನಡೆಯಬೇಕಾದರೆ ಹಗ್ಗಗಳನ್ನು ಕಳಚಿ ಮೋಟಾರನ್ನು ಸ್ವತಂತ್ರವಾಗಿ ತಿರುಗಿಸಬೇಕೆಂದು ಕೈಪಿಡಿ ಹೇಳುತ್ತಿದ್ದಿತು. ಹಗ್ಗ ಕಳಚುವ ತೊಂದರೆಗೆ ಅಂಜಿ ಎಲ್ಲರೂ ನಿಂತಲ್ಲಿಯೇ ಅಳೆಯುವ ಅಡ್ಡದಾರಿಯನ್ನು ಹಿಡಿಯುತ್ತಿದ್ದರು.

ಮೋಟಾರಿನ ತುದಿಗೆ ಕೂಡಿಸಿದ ಎನ್‌ಕೋಡರು ಪ್ರತಿ ಸುತ್ತಿಗೆ 1024 ಮಿಡಿತಗಳನ್ನು ಕಳಿಸಿ ವೇಗವನ್ನು ವರದಿಮಾಡುತ್ತದೆ. ಅದರ ಎರಡು ತಂತಿಗಳು ಅದಲುಬದಲಾದರೆ, ಮೋಟಾರು ಮುಂದಕ್ಕೆ ತಿರುಗುವಾಗ ಹಿಂದಕ್ಕೆ ತಿರುಗುತ್ತಿದೆಯೆಂಬ ವರದಿ ಡ್ರೈವನ್ನು ಮುಟ್ಟುವುದು. ಬ್ರೇಕು ಬಿಟ್ಟೊಡನೆ ಮೋಟಾರು ಗದಗದ ನಡುಗಿ, ಕರೆಂಟನ್ನಳೆಯುವ ಟಾಂಗ್ ಟೆಸ್ಟರಿನ ಮುಳ್ಳು ಕೊನೆಗೆ ಹೊಡೆದು, ಡ್ರೈವು ತಪ್ಪಿನ ಅಂಕವೊಂದನ್ನು ತೋರಿಸಿ ಮುಷ್ಕರ ಹೂಡುವುದು. ಎರಡು ತಂತಿಗಳನ್ನು ಬದಲಿಸಿದರೆ ಎಲ್ಲವೂ ಶಾಂತ. ಇದಕ್ಕಿಂತ ಸೂಕ್ಷ್ಮವಾದುದು ಹೊರಡುವ ಕ್ಷಣ. ಮೋಟಾರಿನಲ್ಲಿ ಬಲ ತುಂಬುವ ಮೊದಲೇ ಬ್ರೇಕು ಬಿಟ್ಟರೆ ಕ್ಯಾಬಿನ್ನು ಒಂದು ಬೆರಳಗಲ ಹಿಂಜರಿದು ಆಮೇಲೆ ಮುಂದುವರಿಯುವುದು. ತಡವಾಗಿ ಬಿಟ್ಟರೆ ಮುಚ್ಚಿದ ಬ್ರೇಕನ್ನೇ ಎಳೆದು ಕಿತ್ತುಕೊಂಡಂತೆ ಹೊರಡುವುದು. ಈ ಅಂತರ ಸೆಕೆಂಡಿನ ಹತ್ತನೆಯ ಭಾಗಗಳ ಲೆಕ್ಕದ್ದು. ಒಬ್ಬರು ಕ್ಯಾಬಿನ್ನಿನೊಳಗೆ ನಿಂತು ಇಂಟರ್‌ಕಾಮಿನಲ್ಲಿ "ಇನ್ನೂ ಜಗ್ತಾ ಇದೆ" ಎನ್ನಬೇಕು. ಮತ್ತೊಬ್ಬರು ಮೇಲೆ ಅಂಕೆಯನ್ನು ತಿದ್ದಬೇಕು. ಅಂಗಾಲಿನಿಂದ ಬ್ರೇಕನ್ನು ಓದುತ್ತಿದ್ದ ನಮ್ಮ ಹಿರಿಯರು ಕೀಪ್ಯಾಡನ್ನು ಕೊನೆಯವರೆಗೂ ಮುಟ್ಟಲಿಲ್ಲವಾದರೂ, ಒಳಗೆ ನಿಲ್ಲುವವರು ಮಾತ್ರ ಅವರೇ ಆಗಬೇಕೆಂದು ಇಂಜಿನಿಯರುಗಳು ಕೋರುತ್ತಿದ್ದರು.

ಹೀಗೆ ಬದಲಾದ ಒಂದು ನರ್ಸಿಂಗ್ ಹೋಮಿನ ಲಿಫ್ಟಿನಲ್ಲಿ, ಸ್ಟ್ರೆಚರ್ ತಳ್ಳುವ ಸಿಬ್ಬಂದಿ ಹೊಸ್ತಿಲು ಬಂದೊಡನೆ ಮುಂದಿನ ಗಾಲಿಗಳನ್ನು ಅಭ್ಯಾಸಬಲದಿಂದ ಎತ್ತುತ್ತಲೇ ಇದ್ದುದನ್ನು, ಎತ್ತಬೇಕಾದ ಏರು ಅಲ್ಲಿ ಇಲ್ಲವಾಗಿ ಎಷ್ಟೋ ದಿನಗಳಾದ ಮೇಲೂ ನಾನು ಕಂಡಿದ್ದೇನೆ.

ಇಷ್ಟು ಹೊಗಳಿದ ಮೇಲೆ ದೂರನ್ನೂ ಹೇಳಬೇಕು. ಡ್ರೈವು ಪರರ ದೋಷವನ್ನು ಮುಚ್ಚಿಡುತ್ತದೆ. ಹಿಂದೆ ಕೌಂಟರ್‌ವೇಟಿನ ತೂಕ ತಪ್ಪಿದ್ದರೆ ಲಿಫ್ಟು ಪ್ರತಿ ಅಂತಸ್ತಿನಲ್ಲಿಯೂ ತಪ್ಪಿ ನಿಂತು ಅದನ್ನು ಸಾರುತ್ತಿದ್ದಿತು. ಈಗ ಡ್ರೈವು ಎಂಥ ಅಸಮತೂಕವನ್ನಾದರೂ ಹೊತ್ತು, ನೆಲಕ್ಕೆ ಸರಿಯಾಗಿ ತಂದು ನಿಲ್ಲಿಸುತ್ತದೆ. ನಮ್ಮ ಊರಿನ ಅಪಾರ್ಟ್‌ಮೆಂಟಿನವರಿಗೋ ಕ್ಯಾಬಿನ್ನಿಗೆ ಗ್ರಾನೈಟಿನ ನೆಲ ಹಾಸಿಸಿ, ಗೋಡೆಗೆ ಆಳೆತ್ತರದ ಕನ್ನಡಿ ಕೂಡಿಸುವುದರಲ್ಲಿ ಅಪಾರ ಪ್ರೀತಿ. ಕಲ್ಲಿನ ಈ ಹೊಸ ಭಾರಕ್ಕೆ ತಕ್ಕಂತೆ ಕೌಂಟರ್‌ವೇಟಿಗೆ ತೂಕದ ಬಿಲ್ಲೆಗಳನ್ನು ಸೇರಿಸಬೇಕೆಂಬುದು ಯಾರಿಗೂ ಹೊಳೆಯುವುದಿಲ್ಲ. ಕ್ಯಾಬಿನ್ನು ತುಂಬಿದ ದಿನ ಡ್ರೈವು ಟ್ರಿಪ್ಪಾಗುತ್ತದೆ. ಹೊಸ ಹುಡುಗ ಲ್ಯಾಪ್‌ಟಾಪ್ ಸಹಿತ ಬಂದು ಕರೆಂಟಿನ ಮಿತಿಯನ್ನು ಏರಿಸಿ ಹೋಗುತ್ತಾನೆ. ಅರ್ಧ ಭಾರವನ್ನು ತುಂಬಿ, ಏರುವಾಗಿನ ಕರೆಂಟೂ ಇಳಿಯುವಾಗಿನ ಕರೆಂಟೂ ಲಿಫ್ಟಿನ ಬಾವಿಯ ನಡುಮಟ್ಟದಲ್ಲಿ ಸಮನಾಗುವುದೇ ಎಂದು ನೋಡುವ ಹಳೆಯ ಪರೀಕ್ಷೆಗೆ ತೂಕದ ಕಲ್ಲುಗಳನ್ನು ಹೊತ್ತು ತರುವವರು ಬೇಕು, ಅರ್ಧ ದಿನದ ವ್ಯವಧಾನವೂ ಬೇಕು.

ಬರಿಯ ಕ್ಯಾಬಿನ್ನು ಏರುವಾಗ ಮೋಟಾರು ದುಡಿಯುವುದಿಲ್ಲ. ಕೌಂಟರ್‌ವೇಟು ಅದನ್ನು ತಿರುಗಿಸಿ ಜನರೇಟರನ್ನಾಗಿಸುತ್ತದೆ. ಆಗ ಡ್ರೈವಿನೊಳಗಿನ ಡಿ.ಸಿ. ವೋಲ್ಟೇಜು ವಾಡಿಕೆಯ 590ರ ಸುಮಾರಿನಿಂದ 700ನ್ನು ದಾಟಿ ಏರತೊಡಗಿ, ಹೆಚ್ಚಾದುದನ್ನು ಪ್ಯಾನೆಲ್ಲಿನ ಮೇಲಿನ ರೆಸಿಸ್ಟರಿನಲ್ಲಿ ಸುಟ್ಟು ಕಳೆಯಬೇಕಾಗುತ್ತದೆ. ಏಪ್ರಿಲ್ಲಿನ ಮಧ್ಯಾಹ್ನ ಮಷೀನ್ ರೂಮಿನಲ್ಲಿ ಈ ರೆಸಿಸ್ಟರಿನ ಪಕ್ಕ ಕೆಲಸ ಮಾಡಿದವರಿಗೆ, ಆ ಶಕ್ತಿಯನ್ನು ಲೈನಿಗೇ ಮರಳಿಸುವ ಈಚಿನ ಡ್ರೈವುಗಳ ಬೆಲೆಯನ್ನು ಬೇರೆ ವಿವರಿಸಬೇಕಾಗಿಲ್ಲ.

ಈಗಂತೂ ಮಷೀನ್ ರೂಮೇ ಮಾಯವಾಗುತ್ತಿದೆ. ಫಿನ್ಲೆಂಡಿನ ಕೋನೆ ಸಂಸ್ಥೆ 1996ರಲ್ಲಿ ಗೇರಿಲ್ಲದ, ಶಾಶ್ವತ ಕಾಂತದ ಮೋಟಾರನ್ನು ಲಿಫ್ಟಿನ ಬಾವಿಯೊಳಗೇ ಕೂಡಿಸಿದ ಮೇಲೆ ಉಳಿದವರೂ ಅದೇ ಜಾಡನ್ನು ಹಿಡಿದರು. ಅಂಥ ಲಿಫ್ಟುಗಳಲ್ಲಿ ಪ್ಯಾನೆಲ್ಲು ಮೇಲಂತಸ್ತಿನ ಬಾಗಿಲ ಪಕ್ಕದ ಕಿರುಪೆಟ್ಟಿಗೆ. ಮೆಕ್ಯಾನಿಕ್ಕು ನಿವಾಸಿಗಳ ಚಪ್ಪಲಿ ಗೂಡಿನ ಎದುರಿನಲ್ಲಿ ನಿಂತು ಕೆಲಸ ಮುಗಿಸುತ್ತಾನೆ. ಕಾಂತದ ಧ್ರುವಕ್ಕೂ ಎನ್‌ಕೋಡರಿನ ಸೊನ್ನೆಗೂ ನಡುವಿನ ಕೋನವನ್ನು ಡ್ರೈವಿಗೆ ಕಲಿಸುವುದು ಇಲ್ಲಿಯ ಹೊಸ ವಿದ್ಯೆ. ಬ್ರೇಕಿನ ಶೂಗಳೋ, ಸವೆಯುವ ಸಂದರ್ಭವೇ ಇಲ್ಲದುದರಿಂದ, ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿಯುತ್ತವೆ. ಸವೆಯದ ಬ್ರೇಕು ನೆಟ್ಟಗಿದೆಯೆಂಬ ಖಾತರಿಯೂ ಇಲ್ಲವಾದುದರಿಂದ, ಈಚಿನ ಕೆಲವು ಡ್ರೈವುಗಳಲ್ಲಿ ಒಂದು ಪರೀಕ್ಷೆಯನ್ನು ಸೇರಿಸಿದ್ದಾರೆ: ಲಿಫ್ಟು ಬಿಡುವಾಗಿರುವಾಗ ಡ್ರೈವು ಬ್ರೇಕನ್ನು ಮುಚ್ಚಿಯೇ ಇಟ್ಟು ಮೋಟಾರಿಗೆ ಬಲ ಕೊಟ್ಟು, ಎನ್‌ಕೋಡರು ಕದಲಿತೇ ಎಂದು ನೋಡುತ್ತದೆ, ಕದಲಿದರೆ ಲಿಫ್ಟನ್ನು ಬಂದ್ ಮಾಡಿ ಮೆಕ್ಯಾನಿಕ್ಕಿಗಾಗಿ ಕಾಯುತ್ತದೆ.