ತಂತಿ ನೋಡುವ ಮಾವ

ಸುರಪುರದಿಂದ ಸಮುದ್ರಕ್ಕೆ ಬಹು ದೂರ. ನಮ್ಮ ಕಡೆಯವರಿಗೆ ನೀರೆಂದರೆ ಕೃಷ್ಣೆ. ಎತ್ತರವೆಂದರೆ ಯಾದಗಿರಿಯ ಕೋಟೆ, ಇಲ್ಲವೆ ಶಹಾಪುರದ ಬಳಿ ಬುದ್ಧ ಮಲಗಿದಂತೆ ತೋರುವ ಆ ಬೆಟ್ಟ. ಇಂಥ ಊರಿನಿಂದ ನನ್ನ ಸೋದರಮಾವನವರು ಹೋಗಿ ನೌಕಾದಳವನ್ನು ಸೇರಿದ್ದೇ ಓಣಿಯವರಿಗೊಂದು ಸೋಜಿಗ. ಅದರಲ್ಲಿಯೂ ಅವರಿರುವುದು ವಿಮಾನದ ಪಡೆಯಲ್ಲಿ ಎಂದು ತಿಳಿದಾಗ, "ನೀರಾಗಿನ ಮಂದಿಗೆ ಇಮಾನ ಯಾಕ?" ಎಂದು ಅಜ್ಜಿ ಕೇಳಿದ್ದು ನ್ಯಾಯವಾಗಿಯೇ ಇತ್ತು.

ಆ ಪಡೆ 310ನೆಯ ನೌಕಾ ವಾಯು ಸ್ಕ್ವಾಡ್ರನ್, ಅಡ್ಡಹೆಸರು 'ಕೋಬ್ರಾ'. 1961ರ ಮಾರ್ಚ್ 21ರಂದು ಅದು ಹುಟ್ಟಿದ್ದು ಭಾರತದಲ್ಲಲ್ಲ, ಫ್ರಾನ್ಸಿನ ಇಯೇರ್ ಎಂಬಲ್ಲಿ. ಅದಕ್ಕೆ ದೊರೆತ ವಿಮಾನ ಬ್ರೆಗೆ ಅಲೀಜೆ. ಫ್ರೆಂಚರ ಭಾಷೆಯಲ್ಲಿ ಅಲೀಜೆ ಎಂದರೆ ವಾಣಿಜ್ಯ ಮಾರುತವಂತೆ. ಮೂವರು ಕುಳಿತು ಹಾರುವ, ಮೂಗಿನಲ್ಲಿ ಒಂದೇ ಪ್ರೊಪೆಲರ್ ಇರುವ, ನೋಟಕ್ಕೆ ಅಂಥ ಚೆಲುವೇನೂ ಇಲ್ಲದ ಈ ವಿಮಾನ, 'ವಿಕ್ರಾಂತ'ದ ಮೇಲಿನಿಂದೆದ್ದು ಜಲಾಂತರ್ಗಾಮಿಗಳನ್ನು ಅರಸುತ್ತಿತ್ತು. ಹೊಟ್ಟೆಯೊಳಗೆ ಅಡಗಿರುವ ರೇಡಾರಿನ ಗುಮ್ಮಟವನ್ನು ಬೇಕಾದಾಗ ಕೆಳಗಿಳಿಸುತ್ತಿತ್ತು.

1971ರ ಡಿಸೆಂಬರ್ ತಿಂಗಳು. ಪಡೆಯ ಒಂದು ಭಾಗ ವಿಕ್ರಾಂತದೊಡನೆ ಬಂಗಾಳ ಕೊಲ್ಲಿಯಲ್ಲಿತ್ತು, ಇನ್ನೊಂದು ಪಶ್ಚಿಮ ಕರಾವಳಿಯಲ್ಲಿ. ಮಾವನವರು ಎತ್ತ ಇದ್ದರೋ, ಕಾರ್ಡಿನಲ್ಲಿ ಬರೆಯುವಂತಿರಲಿಲ್ಲ. ಆ ತಿಂಗಳ 10ರಂದು ಪಾಕಿಸ್ತಾನದ ಸ್ಟಾರ್‌ಫೈಟರ್ ಒಂದು ಅಲೀಜೆಯನ್ನು ಹೊಡೆದುರುಳಿಸಿತು. ಅದರಲ್ಲಿದ್ದ ಮೂವರೂ ಮರಳಲಿಲ್ಲ. ನಮಗೆ ಇದಾವುದೂ ಗೊತ್ತಿರಲಿಲ್ಲ. ಅಂಚೆಯವನು ನಮ್ಮ ಬಾಗಿಲನ್ನು ದಾಟಿ ಹೋದಾಗಲೆಲ್ಲ ಅವ್ವ ಒಲೆಯ ಮುಂದಿನಿಂದ ಎದ್ದು ಬಂದು, ಮಾತಿಲ್ಲದೆ ಒಳಗೆ ಹೋಗುತ್ತಿದ್ದಳು. ನಾನೋ, ಹತ್ತು ವರ್ಷದ ಹುಡುಗ; ನಮ್ಮ ಮಾವ ವಿಮಾನ ಹಾರಿಸುತ್ತಾನೆಂದು ಶಾಲೆಯ ತುಂಬ ಹೇಳಿಕೊಂಡು ಬಂದಿದ್ದೆ.

ಮರು ಬೇಸಗೆಯಲ್ಲಿ ಮಾವನವರು ರಜೆಗೆ ಬಂದರು. ನಮ್ಮ ಮಾಸ್ತರರು ಅವರನ್ನು ಶಾಲೆಗೆ ಕರೆಸಿ, ಎಲ್ಲರ ಮುಂದೆ ನಿಲ್ಲಿಸಿ, ಎಷ್ಟು ಸಲ ಹಾರಿದಿರಿ ಎಂದು ಕೇಳಿದರು.

"ನಾ ಹಾರೂದಿಲ್ರಿ ಸರ. ತಂತಿ ನೋಡತೀನಿ" ಎಂದರು ಮಾವ.

ಹುಡುಗರು ನಕ್ಕರು. ಅಂದಿನಿಂದ ರಜೆ ಮುಗಿಯುವವರೆಗೆ ನಾನು ಅವರೊಡನೆ ಮಾತನಾಡಲಿಲ್ಲ. ಬಸ್ಸಿಗೆ ಬಿಡಲೂ ಹೋಗಲಿಲ್ಲ.

ಆ ತಂತಿಯ ಕೆಲಸವೇನೆಂಬುದನ್ನು ನಾನು ಕಾಲೇಜಿಗೆ ಹೋದ ಮೇಲೆ ಅವರೇ ಒಮ್ಮೆ ಅಂಗಳದಲ್ಲಿ ಕುಳಿತು ತಿಳಿಸಿದರು. ಕತ್ತಲೆಯ ರಾತ್ರಿ ಬ್ಯಾಟರಿ ಹಿಡಿದು ಹೊಲಕ್ಕೆ ಹೋಗುವವನಿಗೆ ಹತ್ತು ಮಾರು ದಾರಿ ಕಾಣುತ್ತದೆ. ಆದರೆ ಅವನ ಬೆಳಕು ಹರದಾರಿಯಾಚೆಯವನಿಗೂ ಕಾಣುತ್ತದೆ. ರೇಡಾರಿನದೂ ಅದೇ ಪಾಡು. ಅದು ಕಳುಹಿದ ಅಲೆ ಹೋಗಿ, ತಾಗಿ, ಕ್ಷೀಣಿಸಿ ಹಿಂದಿರುಗಬೇಕು; ಕದ್ದು ಕೇಳುವವನಿಗೆ ಹೋಗುವ ಅಲೆಯೊಂದೇ ಸಾಕು. ಆದಕಾರಣ ಹಗೆಯ ರೇಡಾರ್ ನಮ್ಮನ್ನು ಕಾಣುವ ಮೊದಲೇ ನಾವು ಅದನ್ನು ಕೇಳಬಹುದು, ಅದರ ಜಾತಿಯನ್ನೂ ದಿಕ್ಕನ್ನೂ ಗುರುತಿಸಬಹುದು. ಕೇಳುವ ಯಂತ್ರದ ಒಂದು ಬೆಸುಗೆ ಬಿಟ್ಟರೆ ವಿಮಾನ ಕಿವುಡು. "ಅದರಾಗ ಮೂರು ಮಂದಿ ಕುಂತಿರತಾರಪಾ" ಎಂದವರು ಮುಂದೆ ಹೇಳಲಿಲ್ಲ. ಅಂದಾದರೂ ನಾನು ಆ ಶಾಲೆಯ ದಿನದ ಮಾತನ್ನೆತ್ತಿ ತಪ್ಪಾಯಿತೆನ್ನಬೇಕಾಗಿತ್ತು. ಎನ್ನಲಿಲ್ಲ. ಈಗ ಮಾವನವರಿಲ್ಲ.

ಅಲೀಜೆ ಹಡಗಿನಿಂದ ಹಾರುವುದು 1987ರಲ್ಲಿ ನಿಂತಿತು, 1991ರಲ್ಲಿ ಅದರ ಸೇವೆಯೇ ಮುಗಿಯಿತು. ಕೋಬ್ರಾ ಪಡೆ ಡಾರ್ನಿಯರ್ ವಿಮಾನಗಳನ್ನು ಪಡೆದು ಗೋವೆಯಲ್ಲಿ ನೆಲೆನಿಂತಿತು. ಬೇಟೆಯ ಕೆಲಸ ಹಿಂದೆ ಸರಿದು, ಆಲಿಸುವ ಕೆಲಸವೇ, ಎಂದರೆ ವಿದ್ಯುನ್ಮಾನ ಯುದ್ಧವೇ, ಅದರ ಮುಖ್ಯ ಕಸುಬಾಯಿತು. ಮಾವನ ತಂತಿಗೆ ಕಡೆಗೂ ಬೆಲೆ ಬಂದಿತೆನ್ನಬೇಕು!

ಹೋದ ಚಳಿಗಾಲದಲ್ಲಿ ಗೋವೆಗೆ ಹೋದವನು ದಾಬೋಳಿಯ ಬಳಿಯ ನೌಕಾ ವಿಮಾನ ಸಂಗ್ರಹಾಲಯವನ್ನು ಹೊಕ್ಕೆ. ಬಯಲಿನಲ್ಲಿ ಒಂದು ಅಲೀಜೆ ನಿಂತಿದೆ. ಅರುವತ್ತು ದಾಟಿದವನು ಬಗ್ಗಿ ಅದರ ಹೊಟ್ಟೆಯನ್ನು ನೋಡುತ್ತಿರುವುದನ್ನು ಕಂಡು ಯಾರೋ ಪ್ರವಾಸಿಗರು, "ನಿಮ್ಮವರು ಯಾರಾದರೂ ಇದನ್ನು ಹಾರಿಸುತ್ತಿದ್ದರೆ?" ಎಂದು ಕೇಳಿದರು.

"ಹಾರಿಸುತ್ತಿರಲಿಲ್ಲ. ನಮ್ಮ ಮಾವ ಇದರ ತಂತಿ ನೋಡುತ್ತಿದ್ದರು" ಎಂದೆ.