ಎತಾಜಿಮಾ ದ್ವೀಪದ ಶಾಲೆ

ಜಪಾನಿಗೆ ಹೋದವರು ಹಿರೋಷಿಮಾ ನಗರವನ್ನು ನೋಡದೆ ಹಿಂದಿರುಗುವುದಿಲ್ಲ. ಆದರೆ ಆ ನಗರದ ಉಜಿನಾ ಬಂದರಿನಿಂದ ಸುಮಾರು ಅರ್ಧ ಗಂಟೆಯ ಹಡಗಿನ ಪಯಣದಷ್ಟೇ ದೂರದ ಎತಾಜಿಮಾ ದ್ವೀಪಕ್ಕೆ ಹೋಗುವವರು ವಿರಳ. ಅಲ್ಲೊಂದು ಪ್ರಸಿದ್ಧ ಶಾಲೆಯಿದೆ ಎಂಬುದೇ, ಅಧ್ಯಾಪಕ ವೃತ್ತಿಯವರಾದ ನಮ್ಮನ್ನು ಅತ್ತ ಸೆಳೆಯಿತು.

ಶಾಂತವಾದ ಒಳಗಡಲು, ನೀರಿನ ಮೇಲೆ ಸಿಂಪಿ ಸಾಕುವ ತೆಪ್ಪಗಳ ಸಾಲು, ಹಿನ್ನೆಲೆಯಲ್ಲಿ 394 ಮೀಟರು ಎತ್ತರದ ಫುರುತಾಕಾ ಬೆಟ್ಟ. ಅದರ ಅಡಿಯಲ್ಲಿ ಜಪಾನಿ ನೌಕಾಪಡೆಯ ಅಧಿಕಾರಿಗಳನ್ನು ರೂಪಿಸಿದ ವಿದ್ಯಾಲಯ. 1888ರಲ್ಲಿ ಅದು ಟೋಕಿಯೋದಿಂದ ಇಲ್ಲಿಗೆ ಬಂದಿತು. 1893ರಲ್ಲಿ ಕಟ್ಟಿದ ಕೆಂಪು ಇಟ್ಟಿಗೆಯ ಭವನ ಇಂದಿಗೂ ಅಚ್ಚುಕಟ್ಟಾಗಿ ನಿಂತಿದೆ.

ಹಿರೋಷಿಮಾ ಪ್ರಾಂತದವನೇ ಆದ ಎಗುಸಾ ತಕಾಶಿಗೆ ಎಂಬ ತರುಣನು 1930ರಲ್ಲಿ ಇಲ್ಲಿಂದ ತೇರ್ಗಡೆಯಾಗಿ ಹೊರಬಂದನು. ಮುಂದೆ ಆತ ಎರಗಿ ಬಾಂಬು ಹಾಕುವ ವಿಮಾನಗಳ ವಿದ್ಯೆಯಲ್ಲಿ ಜಪಾನಿನ ಅಗ್ರಗಣ್ಯನೆನಿಸಿದನು. ಸಾವಿರಾರು ಮೀಟರುಗಳೆತ್ತರದಿಂದ ಹದ್ದಿನಂತೆ ಕೆಳಗೆರಗಿ, ಗುರಿಯ ಸಮೀಪದಲ್ಲಿ 250 ಕಿಲೋಗ್ರಾಂ ತೂಕದ ಬಾಂಬನ್ನು ಕಳಚಿ, ಮತ್ತೆ ಮೇಲೇಳುವ ವಿದ್ಯೆಯದು. 1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರಿನ ಮೇಲೆ ಎರಡನೆಯ ಅಲೆಯಲ್ಲಿ ಎರಗಿದ 78 ಇಂಥ ವಿಮಾನಗಳ ನಾಯಕ ಅವನೇ.

ಆ ಯುದ್ಧದ ಬಿಸಿ ನಮ್ಮ ಹಿರಿಯರನ್ನೂ ತಟ್ಟದೆ ಬಿಡಲಿಲ್ಲ. 1942ರ ಏಪ್ರಿಲ್ 5ರಂದು ಸಿಂಹಳದ ನೈಋತ್ಯ ಸಾಗರದಲ್ಲಿ ಎಗುಸಾನ 53 ವಿಮಾನಗಳು ಕಾರ್ನ್‌ವಾಲ್, ಡಾರ್ಸೆಟ್‌ಶೈರ್ ಎಂಬ ಎರಡು ಬ್ರಿಟಿಷ್ ಯುದ್ಧನೌಕೆಗಳನ್ನು ಇಪ್ಪತ್ತು ನಿಮಿಷಗಳೊಳಗೆ ಮುಳುಗಿಸಿದವು. 424 ಮಂದಿ ಮಡಿದರು. ಸಾವಿರಕ್ಕೂ ಮಿಕ್ಕಿದ ನಾವಿಕರು ಮರುದಿನ ನೆರವು ಬರುವವರೆಗೆ ತೆರೆದ ಕಡಲಿನಲ್ಲಿ ತೇಲುತ್ತಿದ್ದರು. ಅದೇ 6ರಂದು ಜಪಾನಿನ ಇನ್ನೊಂದು ಪಡೆಯ ವಿಮಾನಗಳು ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಹಾಕಿದವು. ಕಾಸರಗೋಡು, ಆದವಾನಿ, ರಾಯದುರ್ಗಗಳೆಲ್ಲ ಆಗ ಸೇರಿದ್ದ ಮದರಾಸು ಪ್ರಾಂತದ ರಾಜಧಾನಿಯಿಂದ ಜನರು ಗಂಟುಮೂಟೆ ಕಟ್ಟಿಕೊಂಡು ಊರುಗಳತ್ತ ಹೊರಟರು.

ಎರಡು ತಿಂಗಳು ಕಳೆಯುವುದರೊಳಗೆ ವಿಧಿ ತಿರುಗಿಬಿದ್ದಿತು. ಜೂನ್ 4ರಂದು ಮಿಡ್‌ವೇ ಸಮುದ್ರದಲ್ಲಿ ಎಗುಸಾನಿದ್ದ ವಿಮಾನವಾಹಕ ನೌಕೆ ಸೋರ್ಯುವಿನ ಮೇಲೆ ಅಮೆರಿಕದವರ ವಿಮಾನಗಳು ಅದೇ ವಿದ್ಯೆಯಿಂದ ಎರಗಿದವು. ನೌಕೆ ಉರಿದು ಮುಳುಗಿತು. ಎಗುಸಾ ತೀವ್ರವಾದ ಸುಟ್ಟಗಾಯಗಳೊಡನೆ ಬದುಕಿ ಉಳಿದನು. ಚೇತರಿಸಿಕೊಂಡು ಮತ್ತೆ ಹಾರಿದವನು 1944ರ ಜೂನ್ 15ರಂದು ಸೈಪಾನ್ ಬಳಿ ಮಡಿದನು.

ಈ ಶಾಲೆಯ ಒಂದು ಪದ್ಧತಿ ನಮ್ಮನ್ನು ಬಹಳವಾಗಿ ಚಿಂತೆಗೆ ಹಚ್ಚಿತು. ಎಗುಸಾ ಶಾಲೆ ಬಿಟ್ಟ ಎರಡು ವರ್ಷಗಳ ಬಳಿಕ, 1932ರಲ್ಲಿ, ದಿನದ ಕೊನೆಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಐದು ಪ್ರಶ್ನೆಗಳನ್ನು ತನಗೆ ತಾನೇ ಕೇಳಿಕೊಳ್ಳುವ ನಿಯಮ ಇಲ್ಲಿ ಬಂದಿತು. ಪ್ರಾಮಾಣಿಕತೆ, ನಡೆನುಡಿ, ಮನೋಬಲ, ಪ್ರಯತ್ನ, ಆಲಸ್ಯವಿಲ್ಲದ ದುಡಿಮೆ — ಇವುಗಳಲ್ಲಿ ಇಂದು ತನ್ನಿಂದ ಲೋಪವಾಯಿತೇ ಎಂಬುದೇ ಅವುಗಳ ಸಾರ. ಯಾವ ಗುರುವಿಗೆ ತಾನೆ ಇದು ಮೆಚ್ಚುಗೆಯಾಗದು? ಆದರೂ ಐದೂ ಪ್ರಶ್ನೆಗಳು ಕೇಳುವವನತ್ತಲೇ ಮುಖಮಾಡಿವೆ. ಅವನ ಕೆಲಸದ ಫಲವನ್ನು ಉಣ್ಣುವವನತ್ತ ಒಂದೂ ತಿರುಗಿಲ್ಲ.

1936ರಲ್ಲಿ ಕಟ್ಟಿದ ಇಲ್ಲಿನ ಸಂಗ್ರಹಾಲಯದಲ್ಲಿ, ಮರಳಿ ಬಾರದ ದಾಳಿಗೆ ಹೊರಟ ತರುಣರು ಬರೆದ ಪತ್ರಗಳಿವೆ. ಶಿಸ್ತಿಗಾಗಲಿ ಧೈರ್ಯಕ್ಕಾಗಲಿ ಆ ಮಕ್ಕಳಲ್ಲಿ ಕೊರತೆಯಿರಲಿಲ್ಲ. 1945ರ ಆಗಸ್ಟ್ 6ರ ಬೆಳಿಗ್ಗೆ ಇದೇ ಅಂಗಳದಲ್ಲಿದ್ದ ವಿದ್ಯಾರ್ಥಿಗಳು ಹಿರೋಷಿಮಾದ ಮೇಲೆದ್ದ ಮಹಾಮೇಘವನ್ನು ಕಣ್ಣಾರೆ ಕಂಡರು. ಆ ವರ್ಷವೇ ಮುಚ್ಚಿದ ಆವರಣವು 1956ರಲ್ಲಿ ಮರಳಿ ಜಪಾನಿನ ಕೈಸೇರಿತು. ಇಂದು ದೇಶದ ಕಡಲ ರಕ್ಷಣಾಪಡೆಯ ಅಧಿಕಾರಿಗಳು ಇಲ್ಲಿ ತರಬೇತಿ ಪಡೆಯುತ್ತಾರೆ. ಆ ಐದು ಪ್ರಶ್ನೆಗಳೂ ಉಳಿದುಬಂದಿವೆ.

ನಮ್ಮ ಮನೆಗಳಲ್ಲಿಯೂ ಮಕ್ಕಳು ರಾತ್ರಿ ಮಲಗುವ ಮುನ್ನ ಇಂತಹ ಐದು ಪ್ರಶ್ನೆಗಳನ್ನು ಕೇಳಿಕೊಳ್ಳಲಿ ಎಂದು ನಾವು ಹಾರೈಸುತ್ತೇವೆ. ಜೊತೆಗೆ ಆರನೆಯದೊಂದು ಇರಲಿ: ಇಂದು ನನ್ನ ಕೆಲಸದಿಂದ ಯಾರಿಗೆ ನೋವಾಯಿತು?