ನಾಲಗೆಯ ಪಥ್ಯ

ನಾಲಗೆಗೆ ಊಟದ ರುಚಿ ಬೇಕು, ಮಾತಿನ ಚಪಲವೂ ಬೇಕು. ಆಭರಣವೂ ಬೇಕೆಂದು ನಮ್ಮ ಮನೆಗಳ ಹಿರಿಯರು ಎಣಿಸಿದಂತೆ ಕಾಣದು. ಕಿವಿಗೆ ಓಲೆ, ಮೂಗಿಗೆ ಬೊಟ್ಟು ಇಟ್ಟು ಅವರು ತೃಪ್ತರಾದರು. ಮೈಸೂರಿನ ಒಂದು ಮನೆಯಲ್ಲಿ ಮಾತ್ರ, ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದ ಮೊಮ್ಮಗಳು ರಜೆಗೆ ಬರುವಾಗ ನಾಲಗೆಯ ನಡುವೆ ಸಣ್ಣ ಲೋಹದ ಕಡ್ಡಿಯೊಂದನ್ನು ಚುಚ್ಚಿಸಿಕೊಂಡು ಬಂದಳು. ಮೇಲೊಂದು ಗುಂಡು, ಕೆಳಗೊಂದು ಗುಂಡು, ಒಂದೊಂದೂ ಕಾಳುಮೆಣಸಿನಷ್ಟು.

ಗುಟ್ಟು ಒಂದು ಹೊತ್ತೂ ನಿಲ್ಲಲಿಲ್ಲ. ರಾತ್ರಿ ಬಿಸಿ ಸಾರಿನ ಮೊದಲ ತುತ್ತಿಗೇ ಅವಳ ಕಣ್ಣಲ್ಲಿ ನೀರಿಳಿಯಿತು. ಅಜ್ಜಿ ಬಾಯಿ ತೆರೆಸಿ ನೋಡಿದರು.

“ಬಾಯಿಬೀಗ ಹಾಕಿಸಿಕೊಂಡವರನ್ನು ಮಾರಮ್ಮನ ಜಾತ್ರೆಯಲ್ಲಿ ನೋಡಿದ್ದೇನೆ. ಅವರಿಗೆ ಹರಕೆಯಿತ್ತು. ನಿನಗೆ ಯಾವ ಹರಕೆಯೇ?” ಎಂದರು. ಆಮೇಲೆ ಅವಳೊಡನೆ ಮಾತು ಬಿಟ್ಟರು.

ಮೊಮ್ಮಗಳಿಗೂ ಮಾತು ಸುಲಭವಾಗಿರಲಿಲ್ಲ. ಮರುದಿನಕ್ಕೆ ನಾಲಗೆ ಊದಿ ‘ಸ’ಕಾರ ‘ರ’ಕಾರಗಳೆಲ್ಲ ತೊದಲಾದವು. ಮೊದಲ ಕೆಲವು ದಿನ ಊತ ಸಹಜ. ಆದುದರಿಂದಲೇ ಆರಂಭದಲ್ಲಿ ಉದ್ದನೆಯ ಕಡ್ಡಿ ತೊಡಿಸಿ, ಊತ ಇಳಿದ ಮೇಲೆ ಗಿಡ್ಡದಕ್ಕೆ ಬದಲಾಯಿಸುತ್ತಾರೆ. ಗಾಯ ಮಾಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ತಾಯಿ ಕರೆದೊಯ್ದ ದಂತವೈದ್ಯೆ, ಗುಂಡು ತಗುಲಿ ಹಲ್ಲು ಸೀಳುವುದುಂಟು, ಒಸಡು ಸವೆಯುವುದುಂಟು, ತೆಗೆಸುವುದೇ ಮೇಲು ಎಂದರು. ಹುಡುಗಿ ತಲೆಯಾಡಿಸಿದಳು, ತೆಗೆಸಲಿಲ್ಲ. ಸರಿ, ಬಿಸಿ, ಖಾರ, ಹುಳಿ, ಗರಿಗರಿ ಯಾವುದೂ ಕೂಡದು. ಮಂಜುಗಡ್ಡೆಯ ಚೂರು ಚೀಪಬಹುದು. ಉಂಡಾಗಲೆಲ್ಲ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಬೇಕು. ಜ್ವರ ಬಂದರೆ, ಕೀವಾದರೆ, ಊತವೇರಿ ನುಂಗಲೋ ಉಸಿರಾಡಲೋ ಕಷ್ಟವಾದರೆ ಒಡನೆಯೇ ಆಸ್ಪತ್ರೆಗೆ ಓಡಬೇಕು ಎಂದು ಹೇಳಿ ಕಳುಹಿಸಿದರು.

ಬಿಸಿ, ಖಾರ, ಹುಳಿ ಇಲ್ಲದ ಮೇಲೆ ಮೈಸೂರಿನ ಅಡಿಗೆಮನೆಯಲ್ಲಿ ಉಳಿಯುವುದೇನು? ಸಾರು, ಹುಳಿ, ಗೊಜ್ಜು, ಉಪ್ಪಿನಕಾಯಿ ಒಂದೇ ಏಟಿಗೆ ಹೊರಟುಹೋದವು. ಮುದ್ದೆಯನ್ನು ಅಗಿಯುವ ಹಾಗಿಲ್ಲ, ನುಂಗಿದರಾಯಿತು ಎಂದು ತಂದೆ ಸೂಚಿಸಿದರು; ಅದರ ಬಿಸಿಯನ್ನೂ ಅಂಟನ್ನೂ ಅವರು ಮರೆತಿದ್ದರು. ಬಾಳೆಹಣ್ಣು ಮೆತ್ತಗಿದ್ದರೂ ಕಡ್ಡಿಗೆ ಮೆತ್ತಿಕೊಂಡಿತು. ಎರಡು ದಿನ ಹುಡುಗಿ ಐಸ್‌ಕ್ರೀಮಿನ ಮೇಲೆಯೇ ಜೀವ ಹಿಡಿದು ಬಾಡಿದಳು.

ಮೂರನೆಯ ದಿನ ಅಜ್ಜಿ ಯಾರನ್ನೂ ಕೇಳದೆ ಒಲೆಯ ಮುಂದೆ ನಿಂತರು. ಬಾಣಂತಿಯರಿಗೂ ಜ್ವರದವರಿಗೂ ಐವತ್ತು ವರ್ಷ ಪಥ್ಯ ಬೇಯಿಸಿದ ಕೈ ಅದು. ನುಚ್ಚಕ್ಕಿಯನ್ನು ಕರಗುವಷ್ಟು ಬೇಯಿಸಿ, ಚಿಟಿಕೆ ಉಪ್ಪು, ಒಂದು ತೊಟ್ಟು ತುಪ್ಪ ಹಾಕಿ ಆರಲು ಬಿಟ್ಟರು. ಮಧ್ಯಾಹ್ನಕ್ಕೆ ಹೆಸರುಬೇಳೆಯ ಕಟ್ಟು. ಸಂಜೆಗೆ ಶೋಧಿಸಿದ ರಾಗಿಹಿಟ್ಟಿನ ತೆಳ್ಳನೆಯ ಗಂಜಿ, ತಣ್ಣಗಿನ ಹಾಲು ಬೆರೆಸಿ. ರಾತ್ರಿ ಮುದ್ದೆಗಟ್ಟದಂತೆ ಕಿವುಚಿದ ಮೊಸರನ್ನ. ಮೊಸರು ಅಂದೇ ಹೆಪ್ಪುಗಟ್ಟಿದ ಸಿಹಿಮೊಸರು, ಒಗ್ಗರಣೆಯಿಲ್ಲ, ಶುಂಠಿಯಿಲ್ಲ, ಹಸಿಮೆಣಸಿನಕಾಯಿಯ ಸೊಲ್ಲೇ ಇಲ್ಲ. ಒಗ್ಗರಣೆಯಿಲ್ಲದ ಮೊಸರನ್ನವನ್ನು ಬಡಿಸುವುದು ಆಕೆಗೆ ಎಷ್ಟು ನೋವಿನ ಸಂಗತಿಯೆಂಬುದನ್ನು ಆ ಮನೆಯವರೇ ಬಲ್ಲರು. ಪಕ್ಕದಲ್ಲಿ ಔಷಧಿಯ ಪುಟ್ಟ ಚಮಚವೊಂದನ್ನು ಇಟ್ಟಿದ್ದರು. ದೊಡ್ಡ ತುತ್ತನ್ನು ಊದಿದ ನಾಲಗೆ ಹೊರಳಿಸಲಾರದು. ಅರಿಸಿನ, ಕೊಬ್ಬರಿ ಎಣ್ಣೆ ಕಲಸಿ ಹಚ್ಚುವ ಆಸೆಯೂ ಅವರಿಗಿತ್ತು. ತಮ್ಮ ಮೂಗು ಮಾದದ್ದು ಅದರಿಂದಲೇ. ವೈದ್ಯೆ ಬೇಡವೆಂದಿದ್ದಾರೆಂದು ಸೊಸೆ ತಡೆದಾಗ ಬಟ್ಟಲನ್ನು ಸದ್ದಾಗುವಂತೆ ಕೆಳಗಿಟ್ಟರು.

ಹೀಗೆ ಐದು ದಿನ ಬಟ್ಟಲುಗಳು ಬಂದವು, ಬರಿದಾಗಿ ಹೋದವು. ಮಾತು ಮಾತ್ರ ಬರಲಿಲ್ಲ. ಆರನೆಯ ದಿನ ಊತ ಬಹುಪಾಲು ಇಳಿದಿತ್ತು. ಹುಡುಗಿ ಗಂಜಿಯ ಒಂದು ಚಮಚ ಬಾಯಿಗಿಟ್ಟು, ಸ್ವಲ್ಪ ತಡೆದು, “ಅಜ್ಜಿ, ಉಪ್ಪು ಕಮ್ಮಿಯಾಗಿದೆ” ಎಂದಳು. ‘ಸ’ಕಾರ ‘ರ’ಕಾರಗಳಿಲ್ಲದ ವಾಕ್ಯವಾದ್ದರಿಂದ ತೊದಲಲಿಲ್ಲ.

“ಈವತ್ತು ಗೊತ್ತಾಯಿತೇನೇ? ಮೂರು ದಿನದಿಂದ ಅಷ್ಟೇ ಹಾಕುತ್ತಿದ್ದೇನೆ” ಎಂದು ಅಜ್ಜಿ ಉಪ್ಪಿನ ಮರಿಗೆಗೆ ಕೈಹಾಕಿದರು.